ಸೋಡಿಯಂ ಎಲೆಕ್ಟ್ರಾನ್ ಕೊಟ್ರೆ ನಷ್ಟಾನೇ ಅಲ್ವಾ? ಹಾಗಿದ್ರೂ ಬಾಂಡ್ ಯಾಕೆ ಆಗುತ್ತೆ?

ಹಾಸನದ_ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ ಸೈನ್ಸ್, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಈಗ ಕಾಲೇಜಲ್ಲಿ ಕೆಮಿಕಲ್ ಬಾಂಡಿಂಗ್ ಪಾಠ ನಡೀತಿದೆ. ಹೈಸ್ಕೂಲಲ್ಲಿ ಕಲಿತಿದ್ದು ಇಷ್ಟು, ಸೋಡಿಯಂನ ಹೊರಗಿನ ಕವಚದಲ್ಲಿ ಒಂದು ಎಲೆಕ್ಟ್ರಾನ್ ಇದೆ, ಅದನ್ನ ಕೊಟ್ಬಿಟ್ರೆ ಒಳಗಿನ ಎಂಟು ಉಳಿಯುತ್ತೆ, ಕ್ಲೋರಿನ್‌ಗೆ ಏಳಿದೆ ಒಂದು ತಗೊಂಡ್ರೆ ಎಂಟಾಗುತ್ತೆ, ಅಲ್ಲಿಗೆ ಅಯಾನಿಕ ಬಂಧ ಆಯ್ತು. ಈಗ ಪಿಯುಸಿ ಬುಕ್ಕಲ್ಲಿ ಅಯನೈಸೇಶನ್ ಎನರ್ಜಿ ಟೇಬಲ್ ನೋಡಿದೆ, ಸೋಡಿಯಂನಿಂದ ಎಲೆಕ್ಟ್ರಾನ್ ಕೀಳೋಕೆ ಒಂದು ಮೋಲ್‌ಗೆ 496 ಕಿಲೋಜೂಲ್ ಬೇಕು ಅಂತಿದೆ, ಕ್ಲೋರಿನ್ ಅದನ್ನ ತಗೊಂಡಾಗ ಹೊರಗೆ ಬರೋದು 349 ಮಾತ್ರ. ಕಳೆದ್ರೆ 147 ಕಿಲೋಜೂಲ್ ಕೈಯಿಂದ ಹಾಕ್ಬೇಕು. ಎಂಟು ಆಗೋದ್ರಿಂದ ಸ್ಥಿರತೆ ಬರುತ್ತೆ ಅಂತ ಅಷ್ಟು ಸಲ ಹೇಳಿದ್ರಲ್ಲ, ಸ್ಥಿರ ಆಗೋದು ಅಂದ್ರೆ ಎನರ್ಜಿ ಕಡಿಮೆ ಆಗ್ಬೇಕು ತಾನೆ, ಇಲ್ಲಿ ನೋಡಿದ್ರೆ ಜಾಸ್ತಿ ಆಗ್ತಿದೆ, ಹಾಗಾದ್ರೆ ಉಪ್ಪು ಹೇಗೆ ಉಂಟಾಯ್ತು?

ಇದ್ರ ಜೊತೆ ಇನ್ನೂ ಎರಡು ಡೌಟ್ ಇದೆ. ಲೋಹ ಮತ್ತೆ ಅಲೋಹ ಸೇರಿದ್ರೆ ಅಯಾನಿಕ್, ಎರಡೂ ಅಲೋಹ ಆದ್ರೆ ಕೋವೆಲೆಂಟ್ (ಎಲೆಕ್ಟ್ರಾನ್ ಹಂಚ್ಕೊಳ್ಳೋ ಬಾಂಡ್) ಅಂತ ರೂಲ್ ಹೇಳ್ಕೊಟ್ಟಿದ್ರು, ಆದ್ರೆ ಅಲ್ಯೂಮಿನಿಯಂ ಕ್ಲೋರೈಡ್ ಕೋವೆಲೆಂಟ್ ಅಂತೆ, ಯಾಕೆ ಅಂತ ಕೇಳಿದ್ರೆ ಎಲೆಕ್ಟ್ರೊನೆಗೆಟಿವಿಟಿ (ಬಾಂಡಲ್ಲಿ ಎಲೆಕ್ಟ್ರಾನನ್ನ ತನ್ನ ಕಡೆ ಎಳ್ಕೊಳ್ಳೋ ಗುಣ) ವ್ಯತ್ಯಾಸ 1.7ಕ್ಕಿಂತ ಕಡಿಮೆ ಇದೆ ಅದಕ್ಕೆ ಅಂತಾರೆ, ಈ 1.7 ಎಲ್ಲಿಂದ ಬಂತು? ಮೂರನೇದು ತಾಮ್ರದ ತಂತಿ, ಅದ್ರಲ್ಲಿ ಇರೋದೆಲ್ಲ ತಾಮ್ರಾನೇ, ಯಾರು ಯಾರಿಗೆ ಎಲೆಕ್ಟ್ರಾನ್ ಕೊಡ್ತಾರೆ, ಹಂಚ್ಕೊಳ್ತಾರೆ ಅನ್ನೋದಾದ್ರೆ ಅದನ್ನ ಕೋವೆಲೆಂಟ್ ಅಂತ ಯಾಕೆ ಕರೆಯಲ್ಲ? ಬಾಯಿಪಾಠ ಮಾಡಿದ್ರೆ ಮಾರ್ಕ್ಸ್ ಬರುತ್ತೆ ಗೊತ್ತು, ನಂಗೆ ಅರ್ಥ ಆಗ್ಬೇಕು.

ಮೈಸೂರು_ಕೆಮಿಸ್ಟ್ರಿ_ಮೇಡಂ:

ಈ ಎರಡು ಅಂಕಿನ ಪಕ್ಕಪಕ್ಕ ಇಟ್ಟು ಕಳೆದು ನೋಡಿದ್ಯಲ್ಲ, ತುಂಬಾ ಸಂತೋಷ ಆಯ್ತು ಕಣಮ್ಮ. ನಾನು ಪಿಯು ಕಾಲೇಜಲ್ಲಿ ಪಾಠ ಮಾಡ್ತೀನಿ, ಈ ಪ್ರಶ್ನೆ ಕ್ಲಾಸಲ್ಲಿ ಬರಲಿ ಅಂತ ಕಾಯ್ತಿರ್ತೀನಿ.

ನಿನ್ನ 147 ಸರಿಯಾಗೇ ಇದೆ. ಒಂದು ಸೋಡಿಯಂ ಪರಮಾಣು ಇಲ್ಲಿ, ಒಂದು ಕ್ಲೋರಿನ್ ಪರಮಾಣು ಎಲ್ಲೋ ಬಹಳ ದೂರದಲ್ಲಿ ಇದ್ರೆ ಎಲೆಕ್ಟ್ರಾನ್ ಹೋಗೋದೇ ಇಲ್ಲ, ಎರಡೂ ತಮ್ಮ ಪಾಡಿಗೆ ಹಾಗೇ ಇರ್ತವೆ. ಎಂಟು ಮಾಡ್ಕೋಬೇಕು ಅನ್ನೋ ಆಸೆ ಯಾವ ಪರಮಾಣುಗೂ ಇಲ್ಲ. ಯಾವ ಪರಮಾಣುವೂ ಎಲೆಕ್ಟ್ರಾನನ್ನ ಪುಕ್ಕಟೆ ಬಿಟ್ಟುಕೊಡಲ್ಲ, ಲಿಥಿಯಂನಿಂದ ಹಿಡಿದು ಸೀಸಿಯಂ ತನಕ ಎಲ್ಲಕ್ಕೂ ಕೀಳೋಕೆ ಶಕ್ತಿ ಬೇಕೇ ಬೇಕು, ಇದನ್ನ ಮೊದ್ಲು ಗಟ್ಟಿ ಮಾಡ್ಕೋ.

ನಿನ್ನ ಲೆಕ್ಕ ಎಲೆಕ್ಟ್ರಾನ್ ದಾಟಿದ ಹೊತ್ತಿಗೆ ನಿಂತ್‌ಬಿಟ್ಟಿದೆ. ದಾಟಿದ್ಮೇಲೆ ಒಂದು ಪ್ಲಸ್ ಒಂದು ಮೈನಸ್ ಅಯಾನು, ಅಂದ್ರೆ ಚಾರ್ಜ್ ಇರೋ ಪರಮಾಣು, ಆಯ್ತಲ್ಲ, ಅವೆರಡೂ ಎಳ್ಕೊಳ್ತವೆ, ಫಿಸಿಕ್ಸಲ್ಲಿ ಕೂಲಂಬ್ ನಿಯಮ ಬರುತ್ತಲ್ಲ ಅದೇ. ಮೋಲ್ ಲೆಕ್ಕದಲ್ಲಿ ಹೇಳೋದಾದ್ರೆ 1389ನ್ನ ಆಂಗ್‌ಸ್ಟ್ರಾಂನಲ್ಲಿರೋ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ದೂರದಿಂದ ಭಾಗಿಸು, ಬರೋದು ಕಿಲೋಜೂಲ್. ಈಗ ನೋಡು, ಎರಡೂ ಸುಮಾರು 9.4 ಆಂಗ್‌ಸ್ಟ್ರಾಂ ಹತ್ತಿರ ಬಂದ್ರೆ ಸಾಕು ನಿನ್ನ 147 ತೀರಿಹೋಯ್ತು. ಅಲ್ಲಿಂದ ಒಳಗೆ ಬಂದಷ್ಟೂ ಲಾಭಾನೇ. ಉಪ್ಪನ್ನ ಆವಿ ಮಾಡಿದಾಗ ಸಿಗೋ ಒಂಟಿ ಸೋಡಿಯಂ ಕ್ಲೋರೈಡ್ ಜೋಡೀಲಿ ದೂರ 2.36 ಆಂಗ್‌ಸ್ಟ್ರಾಂ, ಭಾಗಿಸಿದ್ರೆ 589 ಬರುತ್ತೆ, 147 ಖರ್ಚಿನ ಮುಂದೆ ಅದೆಷ್ಟು ದೊಡ್ಡದು ನೋಡು.

ಹರಳಿನಲ್ಲಿ ಇನ್ನೂ ಜಾಸ್ತಿ, ಯಾಕಂದ್ರೆ ಅಲ್ಲಿ ಜೋಡಿ ಅಂತ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ 2.82 ಆಂಗ್‌ಸ್ಟ್ರಾಂ ದೂರದಲ್ಲಿ ಆರು ಕ್ಲೋರೈಡ್, ಅದ್ರಾಚೆ ಹನ್ನೆರಡು ಸೋಡಿಯಂ, ಅದ್ರಾಚೆ ಮತ್ತೆ ಎಂಟು ಕ್ಲೋರೈಡ್, ಹೀಗೆ ಎಳೆಯೋದು ತಳ್ಳೋದು ಎಲ್ಲ ಕೂಡಿ ಕಳೆದ್ರೆ ಅದೇ 2.82 ದೂರದಲ್ಲಿರೋ ಒಂಟಿ ಜೋಡಿಯ 1.7476 ಪಟ್ಟು ಬರುತ್ತೆ, ಇದಕ್ಕೆ ಮೇಡಲುಂಗ್ ಸ್ಥಿರಾಂಕ ಅಂತಾರೆ. ಲೆಕ್ಕ ಹಾಕಿದ್ರೆ 861 ಹತ್ತಿರ, ಎಲೆಕ್ಟ್ರಾನ್ ಮೋಡಗಳು ಒಂದಕ್ಕೊಂದು ತಾಗಿ ತಳ್ಳೋದನ್ನ ಕಳೆದ್ರೆ 787. ಇದೇ ಲ್ಯಾಟಿಸ್ ಎನರ್ಜಿ.

ಈಗ ಪೂರ್ತಿ ಜಮಾಖರ್ಚು. ಸೋಡಿಯಂ ಲೋಹವನ್ನ ಬಿಡಿ ಪರಮಾಣು ಮಾಡೋಕೆ 107, ಕ್ಲೋರಿನ್ ಅಣುವನ್ನ ಒಡೆದು ಒಂದು ಪರಮಾಣು ತಗೊಳ್ಳೋಕೆ 122, ಎಲೆಕ್ಟ್ರಾನ್ ಕೀಳೋಕೆ 496, ಒಟ್ಟು ಖರ್ಚು 725. ಬಂದಿದ್ದು 349 ಮತ್ತು 787, ಒಟ್ಟು 1136. ಉಳಿದಿದ್ದು 411 ಕಿಲೋಜೂಲ್, ಸೋಡಿಯಂ ಕ್ಲೋರಿನ್ ಅನಿಲದಲ್ಲಿ ಉರಿದಾಗ ಅಳೆದ್ರೆ ಸಿಗೋದೂ ಇಷ್ಟೇ. ಮ್ಯಾಕ್ಸ್ ಬಾರ್ನ್ ಮತ್ತು ಫ್ರಿಟ್ಜ್ ಹೇಬರ್ 1919ರಲ್ಲಿ ಹಾಕಿಕೊಟ್ಟ ದಾರಿ ಇದು, ನಿಮ್ಗೆ ಥರ್ಮೋಡೈನಾಮಿಕ್ಸ್ ಪಾಠದಲ್ಲಿ ಬಾರ್ನ್ ಹೇಬರ್ ಚಕ್ರ ಅಂತ ಬರುತ್ತೆ. ನನ್ ಕೇಳಿದ್ರೆ ಅದನ್ನ ಬಾಂಡಿಂಗ್ ಪಾಠದ ಮೊದಲನೇ ದಿನಾನೇ ಹೇಳ್ಬೇಕು, ಬಾಂಡಿಂಗ್ ಪಾಠ ಮುಗಿದ್ಮೇಲೆ ಬಂದ್ರೆ ಮಕ್ಕಳಿಗೆ ಅದು ಬರೀ ಇನ್ನೊಂದು ಲೆಕ್ಕ ಅನ್ನಿಸುತ್ತೆ.

ಎಂಟರ ನಿಯಮ ಸುಳ್ಳು ಅಂತ ಅಲ್ಲ. ಅದು ಕಾರಣ ಅಲ್ಲ, ಈ ಜಮಾಖರ್ಚಿನಿಂದ ಹೊರಗೆ ಬರೋ ಫಲ. ನಿಂಗೊಂದು ಕೆಲಸ ಕೊಡ್ತೀನಿ, ಸೋಡಿಯಂ ಎರಡು ಎಲೆಕ್ಟ್ರಾನ್ ಕೊಟ್ಟು ಎರಡು ಕ್ಲೋರಿನ್ ಜೊತೆ ಸೇರಿದ್ರೆ ಏನಾಗುತ್ತೆ ಲೆಕ್ಕ ಹಾಕು. ಸೋಡಿಯಂನ ಎರಡನೇ ಅಯನೈಸೇಶನ್ ಎನರ್ಜಿ 4562. ಲ್ಯಾಟಿಸ್ ಎನರ್ಜಿ ಮೆಗ್ನೀಸಿಯಂ ಕ್ಲೋರೈಡಿನ ಹಾಗೇ ಒಂದು 2500 ಅಂತ ಇಟ್ಕೋ.

ಹಾಸನದ_ಹುಡುಗಿ:

ಮೇಡಂ, ತುಂಬಾ ಥ್ಯಾಂಕ್ಸ್, ಇವತ್ತೇ ಕೂತು ಮಾಡ್ತೀನಿ. ಮಧ್ಯ ಒಂದು ಕೇಳ್ಬೇಕಿತ್ತು, ಬಾಂಡ್ ಆದಾಗ ಶಕ್ತಿ ಹೊರಗೆ ಬರುತ್ತೆ ಅಂದ್ರಿ, ಬಯಾಲಜಿಲಿ ಎಟಿಪಿ (ಜೀವಕೋಶದಲ್ಲಿ ಶಕ್ತಿ ಒದಗಿಸೋ ಅಣು) ಬಾಂಡ್ ಒಡೆದ್ರೆ ಶಕ್ತಿ ಬರುತ್ತೆ ಅಂತ ಬರೆಸಿದ್ದಾರೆ, ಎರಡರಲ್ಲಿ ಯಾವ್ದು ಸರಿ?

ಮೈಸೂರು_ಕೆಮಿಸ್ಟ್ರಿ_ಮೇಡಂ:

ಬಾಂಡ್ ಒಡೆಯೋಕೆ ಯಾವಾಗ್ಲೂ ಶಕ್ತಿ ಬೇಕು, ಇದಕ್ಕೆ ಎಟಿಪಿನೂ ಹೊರತಲ್ಲ. ಎಟಿಪಿ ನೀರಿನ ಜೊತೆ ಸೇರಿ ಫಾಸ್ಫೇಟ್ ಕಳಚಿಕೊಂಡಾಗ ಹಳೇ ಬಾಂಡ್ ಒಂದು ಹೋಗಿ ಹೊಸದು ಆಗುತ್ತೆ, ಬೇರೆಯಾದ ಅಯಾನುಗಳನ್ನ ನೀರು ಸುತ್ತಿಕೊಳ್ಳುತ್ತೆ, ಕೊಟ್ಟಿದ್ದಕ್ಕಿಂತ ಬಂದಿದ್ದು ಜಾಸ್ತಿ, ಆ ಉಳಿತಾಯ ಮೋಲ್‌ಗೆ 30 ಕಿಲೋಜೂಲ್ ಆಸುಪಾಸು. ಬಯಾಲಜಿ ನೋಟ್ಸಲ್ಲಿ ಮಧ್ಯದ ಹೆಜ್ಜೆ ಬಿಟ್ಟು ಬರೆಸ್ತಾರೆ. ಸೌದೆ ಉರಿಯೋದೂ ಇದೇ ಲೆಕ್ಕ.

ಹುಬ್ಬಳ್ಳಿ_ಪ್ಲಾಂಟ್:

ತಂಗಿ, ಎರಡನೇ ಡೌಟಿಗೆ ನಾ ಹೇಳ್ತೀನಿ. ನಾ ಬಲ್ಕ್ ಡ್ರಗ್ ಪ್ಲಾಂಟಿನ್ಯಾಗ ಪ್ರೊಡಕ್ಷನ್ ಕೆಲಸದಾಗ ಅದೀನಿ, ಅಲ್ಯೂಮಿನಿಯಂ ಕ್ಲೋರೈಡ್ ನಮ್ಮ ಕೈಯಾಗ ಓಡಾಡೋ ಮಾಲು, ಫ್ರೀಡೆಲ್ ಕ್ರಾಫ್ಟ್ಸ್ ರಿಯಾಕ್ಷನ್‌ಗೆ ಬೇಕು. ಡ್ರಮ್ಮಿನ ಮುಚ್ಚಳ ತಗದ್ರ ಸಾಕು, ಗಾಳ್ಯಾಗಿನ ತೇವಕ್ಕ ಬಿಳಿ ಹೊಗಿ ಏಳ್ತೈತಿ, ಅದು ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗಿ, ಕಣ್ಣು ಮೂಗು ಉರೀತಾವು. ಅಡಿಗಿ ಉಪ್ಪಿನ ಡಬ್ಬಿ ತಗದ್ರ ಹಂಗ ಆಗಂಗಿಲ್ಲ. ಉಪ್ಪು ಕರಗಬೇಕಂದ್ರ 801 ಡಿಗ್ರಿ ಸೆಲ್ಸಿಯಸ್ ಬೇಕು, ಇದು 180ರ ಸುತ್ತಮುತ್ತ ಕರಗದs ಸೀದಾ ಆವಿ ಆಗಿ ಹೋಗ್ತೈತಿ. ಆ ಆವಿಯೊಳಗ ಏನೈತಿ ಅಂತ ನೋಡಿದ್ರ ಎರಡು ಅಲ್ಯೂಮಿನಿಯಂ ಆರು ಕ್ಲೋರಿನ್ ಕೂಡಿದ ಅಣು. ನಡುವಿನ ಎರಡು ಕ್ಲೋರಿನ್ನು ತಮ್ಮ ಎಲೆಕ್ಟ್ರಾನ್ ಜೋಡಿನ ಬಾಜೂಕಿನ ಅಲ್ಯೂಮಿನಿಯಂಗೂ ಕೊಟ್ಟು ಎರಡನ್ನೂ ಹಿಡಕೊಂಡಿರ್ತಾವು, ಹಂಚಿಕೊಳ್ಳೋ ಎರಡೂ ಎಲೆಕ್ಟ್ರಾನ್ ಒಬ್ಬನ ಕಡೆಯಿಂದನ ಬಂದ್ರ ಅದಕ್ಕ ಕೋಆರ್ಡಿನೇಟ್ ಬಾಂಡ್ ಅಂತಾರ, ಮುಂದ ನಿಮಗ ಬರ್ತೈತಿ.

ಯಾಕ ಹಿಂಗ ಅಂದ್ರ, ಮೇಡಂ ಹೇಳಿದ ಲೆಕ್ಕಾನ ಇಲ್ಲೂ ಹಿಡೀರಿ. ಅಲ್ಯೂಮಿನಿಯಂ ಮೂರು ಎಲೆಕ್ಟ್ರಾನ್ ಕೊಡಬೇಕು, ಮೂರಕ್ಕೂ ಕೂಡಿ 5140 ಕಿಲೋಜೂಲ್ ಹತ್ರ. ಅಷ್ಟು ಕೊಟ್ಟು ಆಗೋ ಅಯಾನು ಭಾಳ ಸಣ್ಣದು, ತ್ರಿಜ್ಯ 54 ಪಿಕೋಮೀಟರ್ (ನೂರು ಪಿಕೋಮೀಟರ್ ಕೂಡಿದ್ರ ಒಂದು ಆಂಗ್‌ಸ್ಟ್ರಾಂ), ಸೋಡಿಯಂ ಅಯಾನು 102, ಕ್ಲೋರೈಡ್ 181. ಅಷ್ಟು ಸಣ್ಣ ಜಾಗದಾಗ ಮೂರು ಪ್ಲಸ್ ಚಾರ್ಜ್ ಇದ್ರ ಅದು ಎದುರಿನ ಕ್ಲೋರೈಡಿನ ಎಲೆಕ್ಟ್ರಾನ್ ಮೋಡಾನ ತನ್ನ ಕಡೆ ಜಗ್ಗಿ ಸೊಟ್ಟ ಮಾಡ್ತೈತಿ, ಜಗ್ಗಿ ಜಗ್ಗಿ ಆ ಎಲೆಕ್ಟ್ರಾನ್ ಇಬ್ಬರ ನಡುವ ಬಂದ ಕೂಡ್ತೈತಿ. ಕೊಟ್ಟಿದ್ದು ಹೋಗಿ ಹಂಚಿಕೊಂಡಂಗ ಆತು. ಇದನ್ನ ಕಾಸಿಮಿರ್ ಫಾಯನ್ಸ್ ಅನ್ನೋರು 1923ರಾಗ ನಿಯಮ ಮಾಡಿ ಹೇಳಿದ್ರು. ಅದs ಅಲ್ಯೂಮಿನಿಯಂಗೆ ಫ್ಲೋರಿನ್ ಸಿಕ್ರ ಬ್ಯಾರೆ ಕಥಿ, ಫ್ಲೋರೈಡ್ ಸಣ್ಣದು, ಮೋಡ ಬಿಗಿಯಾಗಿ ಹಿಡಕೊಂಡಿರ್ತೈತಿ, ಜಗ್ಗಿದ್ರ ಸೊಟ್ಟ ಆಗಂಗಿಲ್ಲ. ಅದಕ್ಕ ಅಲ್ಯೂಮಿನಿಯಂ ಫ್ಲೋರೈಡ್ ಆವಿ ಆಗಾಕ 1200 ಡಿಗ್ರಿ ದಾಟಬೇಕು.

ಇನ್ನ ಲೋಹ ಅಲೋಹ ಅನ್ನೋ ರೂಲ್. ಟೈಟಾನಿಯಂ ಲೋಹ ಹೌದಲ್ಲೋ, ಟೈಟಾನಿಯಂ ಟೆಟ್ರಾಕ್ಲೋರೈಡ್ ನೀರಿನಂಗ ದ್ರವ, 136 ಡಿಗ್ರಿಗೆ ಕುದೀತೈತಿ. ತವರದ ಟೆಟ್ರಾಕ್ಲೋರೈಡ್ ಕೂಡ ದ್ರವನs, 114ಕ್ಕ ಕುದೀತೈತಿ. 1.7 ಅನ್ನೋ ಗೆರಿ ಲೀನಸ್ ಪೌಲಿಂಗ್ ಅವರ ಕೆಲಸದಿಂದ ಬಂದದ್ದು, ಅವರು 1932ರಾಗ ಬಾಂಡಿನ ಶಕ್ತಿಯಿಂದ ಎಲೆಕ್ಟ್ರೊನೆಗೆಟಿವಿಟಿ ಅಂಕಿ ತಗದ್ರು, ಅವರ ಅಂದಾಜಿನ ಪ್ರಕಾರ ವ್ಯತ್ಯಾಸ 1.7 ಹತ್ರ ಬಂದ್ರ ಬಾಂಡ್ ಅರ್ಧ ಅಯಾನಿಕ್, ಅರ್ಧ ಕೋವೆಲೆಂಟ್. ಅರ್ಧಾ ಅರ್ಧಾ ಅಂದದ್ದನ್ನ ಗೈಡ್ ಬರಿಯೋರು ಈ ಕಡೆ ಒಂದು ಆ ಕಡೆ ಒಂದು ಅಂತ ಗೋಡಿ ಕಟ್ಟಿಬಿಟ್ಟಾರ. ಆ ಗೋಡಿ ನಿಲ್ಲಂಗಿಲ್ಲ, ಇದನ್ನ ನೋಡ್ರಿ, ಸೋಡಿಯಂ ಅಯೋಡೈಡ್ ವ್ಯತ್ಯಾಸ 1.73, ಹೈಡ್ರೋಜನ್ ಫ್ಲೋರೈಡ್ ವ್ಯತ್ಯಾಸ 1.78. ಎರಡನೇದ್ದು ಜಾಸ್ತಿ ಐತಿ, ಆದ್ರ ಸೋಡಿಯಂ ಅಯೋಡೈಡ್ 661 ಡಿಗ್ರಿಗೆ ಕರಗೋ ಅಯಾನಿಕ್ ಹರಳು, ಹೈಡ್ರೋಜನ್ ಫ್ಲೋರೈಡ್ 19.5 ಡಿಗ್ರಿಗೆ ಕುದಿಯೋ ಬಿಡಿ ಬಿಡಿ ಅಣು. ಪರೀಕ್ಷಾದಾಗ 1.7 ಕೇಳಿದ್ರ ಬರೀರಿ, ತಲಿಯೊಳಗ ಮಾತ್ರ ಅದನ್ನ ಗೋಡಿ ಅಂತ ಇಟ್ಕೋಬ್ಯಾಡ್ರಿ.

ಲೇಸರ್_ಲ್ಯಾಬ್:

ಹುಬ್ಬಳ್ಳಿ ಸರ್ ಕೊಟ್ಟ ಸೋಡಿಯಂ ಅಯೋಡೈಡ್ ಉದಾಹರಣೆ ನೋಡಿ ಬರೀಲೇಬೇಕು ಅನ್ನಿಸ್ತು, ನಾನು ಸ್ಪೆಕ್ಟ್ರೋಸ್ಕೋಪಿಲಿ (ಬೆಳಕು ಬಳಸಿ ಅಣುಗಳನ್ನ ಅಧ್ಯಯನ ಮಾಡೋದು) ಕೆಲಸ ಮಾಡ್ತೀನಿ, ಸದ್ಯ ಜರ್ಮನಿಲಿದೀನಿ. ಅದೇ ಸೋಡಿಯಂ ಅಯೋಡೈಡನ್ನ ಆವಿ ಮಾಡಿ ಒಂಟಿ ಅಣುಗೆ ಲೇಸರ್ ಪಲ್ಸ್ ಹೊಡೆದು ಅಹ್ಮದ್ ಜೆವೈಲ್ ಅವರ ಗುಂಪು 1980ರ ದಶಕದಲ್ಲಿ ನೋಡ್ತು, ಪರಮಾಣುಗಳು ದೂರ ಹೋಗ್ತಾ ಹೋಗ್ತಾ ಸುಮಾರು 7 ಆಂಗ್‌ಸ್ಟ್ರಾಂ ಹತ್ರ ಬಾಂಡಿನ ಸ್ವಭಾವವೇ ಬದಲಾಗುತ್ತೆ, ಒಳಗಿದ್ದಾಗ ಕೋವೆಲೆಂಟ್ ಥರ, ಹೊರಗೆ ಹೋದಾಗ ಎಲೆಕ್ಟ್ರಾನ್ ಹಾರಿ ಅಯಾನಿಕ್, ಮತ್ತೆ ಎಳ್ಕೊಂಡು ವಾಪಸ್ ಬರುತ್ತೆ, ಒಂದು ಸುತ್ತಿಗೆ ಒಂದು ಪಿಕೋಸೆಕೆಂಡಿಗಿಂತ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಸ್ವಲ್ಪ ಹೆಚ್ಚು ಸಮಯ. ಆ ಸಾಲಿನ ಕೆಲಸಕ್ಕೆ 1999ರ ಕೆಮಿಸ್ಟ್ರಿ ನೊಬೆಲ್ ಬಂತು. ಒಂದೇ ಅಣು, ಅದೇ ಎರಡು ಪರಮಾಣು, ಎರಡೂ ಥರದ ಬಾಂಡ್. ಮೇಡಂ ಹೇಳಿದ 9.4 ಆಂಗ್‌ಸ್ಟ್ರಾಂ ಲೆಕ್ಕ ಇದೆಯಲ್ಲ, ಅದನ್ನೇ ಅಯೋಡಿನ್‌ಗೆ ಹಾಕಿದ್ರೆ ಈ 7 ಬರುತ್ತೆ.

ಆದ್ರೆ ಕೋವೆಲೆಂಟ್ ಬಾಂಡ್ ಬಗ್ಗೆ ಇಲ್ಲಿ ಯಾರೂ ಸರಿಯಾಗಿ ಮುಟ್ಟಿಲ್ಲ. ಎರಡು ಹೈಡ್ರೋಜನ್ ಪರಮಾಣು ತಗೊಳ್ಳಿ, ಇಬ್ಬರಿಗೂ ಚಾರ್ಜ್ ಇಲ್ಲ, ಇಬ್ಬರೂ ಒಂದೇ ಥರ, ಹಾಗಿದ್ರೂ 0.74 ಆಂಗ್‌ಸ್ಟ್ರಾಂ ದೂರದಲ್ಲಿ ಗಟ್ಟಿಯಾಗಿ ಸೇರ್ಕೊಂಡಿರ್ತವೆ, ಬಿಡಿಸ್ಬೇಕು ಅಂದ್ರೆ ಮೋಲ್‌ಗೆ 436 ಕಿಲೋಜೂಲ್ ಬೇಕು. ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಎಲೆಕ್ಟ್ರಾನ್ ಜೋಡಿ ಹಂಚಿಕೆ ಅಂತ ಚುಕ್ಕಿ ಇಟ್ಟು ತೋರಿಸಿದ್ರು, ಚಿತ್ರ ಸರಿ ಇತ್ತು ಆದ್ರೆ ಹಂಚಿಕೊಂಡ್ರೆ ಶಕ್ತಿ ಯಾಕೆ ಕಡಿಮೆ ಆಗುತ್ತೆ ಅನ್ನೋದಕ್ಕೆ ಆಗಿನ ಭೌತಶಾಸ್ತ್ರದಲ್ಲಿ ಉತ್ತರ ಇರಲಿಲ್ಲ. ಕ್ವಾಂಟಮ್ ಮೆಕ್ಯಾನಿಕ್ಸ್ ಬಂದ ಹೊಸದರಲ್ಲೇ, 1927ರಲ್ಲಿ, ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್ ಹೈಡ್ರೋಜನ್ ಅಣುವಿಗೆ ಲೆಕ್ಕ ಹಾಕಿ ತೋರಿಸಿದ್ರು. ಎಲೆಕ್ಟ್ರಾನ್ ಒಂದು ಜಾಗದಲ್ಲಿ ಕೂತಿರೋ ಗೋಲಿ ಅಲ್ಲ, ಅಲೆ. ಎರಡು ಪರಮಾಣು ಹತ್ತಿರ ಬಂದಾಗ ಅವುಗಳ ಅಲೆಗಳು ಒಂದರ ಮೇಲೊಂದು ಬೀಳ್ತವೆ, ಏರು ಏರಿಗೆ ಸೇರಿದ್ರೆ ಎರಡು ನ್ಯೂಕ್ಲಿಯಸ್ ನಡುವೆ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚುತ್ತೆ, ಜೊತೆಗೆ ಎಲೆಕ್ಟ್ರಾನ್‌ಗೆ ಓಡಾಡೋಕೆ ಒಂದರ ಬದಲು ಎರಡು ನ್ಯೂಕ್ಲಿಯಸ್ ಸುತ್ತಲಿನ ಜಾಗ ಸಿಗುತ್ತೆ. ಇವೆಲ್ಲ ಸೇರಿ ಒಟ್ಟು ಶಕ್ತಿ ಇಳಿಯುತ್ತೆ. ಏರು ಇಳಿವಿಗೆ ಸೇರಿದ್ರೆ ನಡುವಿನ ಜಾಗ ಖಾಲಿ ಆಗುತ್ತೆ, ಶಕ್ತಿ ಏರುತ್ತೆ, ಅದಕ್ಕೆ ಆಂಟಿಬಾಂಡಿಂಗ್ ಅಂತಾರೆ.

ಹೀಲಿಯಂ ಯಾಕೆ ಜೋಡಿ ಆಗಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಎರಡು ಹೀಲಿಯಂ ಅಂದ್ರೆ ನಾಲ್ಕು ಎಲೆಕ್ಟ್ರಾನ್, ಕೆಳಗಿನ ಮಟ್ಟಕ್ಕೆ ಎರಡೇ ಹಿಡಿಸೋದು, ಇನ್ನೆರಡು ಮೇಲಿನ ಆಂಟಿಬಾಂಡಿಂಗ್‌ಗೆ ಹೋಗ್ಬೇಕು, ಗಳಿಸಿದ್ದೆಲ್ಲ ಅಲ್ಲಿ ಹೋಗುತ್ತೆ. ಹೀಲಿಯಂ 'ತೃಪ್ತಿಯಾಗಿದೆ' ಅದಕ್ಕೆ ಸೇರಲ್ಲ ಅನ್ನೋ ಮಾತು ಬೇಕಾಗೇ ಇಲ್ಲ. ಇನ್ನೊಂದು, ಬಾಂಡಿಗೆ ಜೋಡಿ ಎಲೆಕ್ಟ್ರಾನ್ ಬೇಕೇ ಬೇಕು ಅಂತಾನೂ ಇಲ್ಲ, ಹೈಡ್ರೋಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಹಾಕಿದ್ರೂ ಉಳಿದ ಒಂದೇ ಎಲೆಕ್ಟ್ರಾನ್ ಎರಡು ಪ್ರೋಟಾನ್‌ಗಳನ್ನ 1.06 ಆಂಗ್‌ಸ್ಟ್ರಾಂನಲ್ಲಿ ಹಿಡಿದಿರುತ್ತೆ, ಬಿಡಿಸೋಕೆ 256 ಕಿಲೋಜೂಲ್ ಬೇಕು. ಲೂಯಿಸ್ ಚುಕ್ಕಿಗಳಿಂದ ಇದನ್ನ ಹೇಳೋಕೆ ಬರಲ್ಲ.

ಉಡುಪಿ_ಚಿನ್ನದ_ಕೆಲಸ:

ಮೂರನೇ ಪ್ರಶ್ನೆ ಹಾಗೇ ಉಳಿದಿದೆ ಅಲ್ಲವಾ, ಅದನ್ನು ನಾನು ಹೇಳ್ತೇನೆ. ನಮ್ಮದು ಚಿನ್ನದ ಕೆಲಸದ ಮನೆ, ಅಪ್ಪ ಈಗಲೂ ಕೆಲಸಕ್ಕೆ ಕೂತ್ಕೊಳ್ತಾರೆ, ನಾನು ಮೆಟಲರ್ಜಿ ಓದಿದ್ದು.

ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಲೋಹದಲ್ಲಿ ಹಂಚಿಕೆ ಉಂಟು, ಆದರೆ ಇಬ್ಬರ ನಡುವಿನ ಹಂಚಿಕೆ ಅಲ್ಲ. ತಾಮ್ರ ಬಿಡಿ, ಲೆಕ್ಕಕ್ಕೆ ಸೋಡಿಯಂ ಸುಲಭ. ಸೋಡಿಯಂ ಲೋಹದಲ್ಲಿ ಒಂದೊಂದು ಪರಮಾಣುವಿಗೂ ಹತ್ತಿರದ ನೆರೆ ಎಂಟು, ಕೈಯಲ್ಲಿ ಇರುವುದು ಒಂದೇ ಎಲೆಕ್ಟ್ರಾನ್. ಎಂಟು ನೆರೆಯವರ ಜೊತೆ ಜೋಡಿ ಜೋಡಿಯಾಗಿ ಹಂಚಿಕೊಳ್ಳಲಿಕ್ಕೆ ಎಲೆಕ್ಟ್ರಾನ್ ಎಲ್ಲಿಂದ ಬರಬೇಕು? ಒಬ್ಬನ ಜೊತೆ ಮಾತ್ರ ಹಂಚಿಕೊಳ್ಳುವುದಾದರೆ ಅದೂ ಉಂಟು, ಸೋಡಿಯಂ ಆವಿಯಲ್ಲಿ ಎರಡು ಸೋಡಿಯಂ ಸೇರಿದ ಅಣು ಸ್ವಲ್ಪ ಸಿಗ್ತದೆ, ಆದರೆ ಅದರ ಬಾಂಡ್ 72 ಕಿಲೋಜೂಲ್ ಹತ್ತಿರ, ಅಂದರೆ ತಲೆಗೆ 36. ಲೋಹವಾಗಿ ಒಟ್ಟಿಗೆ ಇದ್ದರೆ ತಲೆಗೆ 107, ಮೇಡಂ ಮೇಲೆ ಕೊಟ್ಟ ಅದೇ 107. ಹಾಗಾಗಿ ಎಲ್ಲರ ಎಲೆಕ್ಟ್ರಾನ್ ಇಡೀ ಗಟ್ಟಿಗೆ ಸೇರಿದ್ದಾಗಿ ಹರಡಿಕೊಳ್ತದೆ, ಯಾವುದು ಯಾರದ್ದು ಎಂದು ಹೇಳಲಿಕ್ಕೆ ಆಗುವುದಿಲ್ಲ. ಲೇಸರ್ ಲ್ಯಾಬ್ ಸರ್ ಹೇಳಿದ ಅಲೆಯೇ, ಎರಡರ ಬದಲು ಕೋಟಿ ಕೋಟಿ ಪರಮಾಣುಗಳ ಮೇಲೆ. ಇದಕ್ಕೆ ಎರಡು ಸಂಗತಿ ಬೇಕು, ಹೊರಗಿನ ಎಲೆಕ್ಟ್ರಾನಿನ ಮೇಲೆ ಹಿಡಿತ ಸಡಿಲ ಇರಬೇಕು, ಖಾಲಿ ಜಾಗ ಧಾರಾಳ ಇರಬೇಕು. ಲೋಹಗಳಲ್ಲಿ ಎರಡೂ ಉಂಟು.

ಇದು ಕೈಯಲ್ಲಿ ಹೇಗೆ ಗೊತ್ತಾಗ್ತದೆ ಹೇಳ್ತೇನೆ. ಚಿನ್ನಕ್ಕೆ ಸುತ್ತಿಗೆಯಿಂದ ಬಡಿದರೆ ಚಪ್ಪಟೆ ಆಗ್ತದೆ, ಪುಡಿ ಆಗುವುದಿಲ್ಲ. ಒಂದು ಪದರ ಇನ್ನೊಂದರ ಮೇಲೆ ಜಾರಿದರೂ ಎಲೆಕ್ಟ್ರಾನ್ ಎಲ್ಲ ಕಡೆಯೂ ಇರುವ ಕಾರಣ ಬಾಂಡ್ ಹಾಗೆಯೇ ಇರ್ತದೆ, ದಿಕ್ಕು ಎಂಬುದು ಇಲ್ಲ. ಒಂದು ಗ್ರಾಂ ಚಿನ್ನದಿಂದ ಸುಮಾರು 2 ಕಿಲೋಮೀಟರ್ ತಂತಿ ಎಳೆಯಲಿಕ್ಕೆ ಆಗ್ತದೆ. ಅದೇ ಸುತ್ತಿಗೆಯಲ್ಲಿ ಕಲ್ಲುಪ್ಪಿನ ಹರಳಿಗೆ ಬಡಿಯಿರಿ, ಪದರ ಒಂದು ಸ್ಥಾನ ಜಾರಿದ ಕೂಡಲೇ ಪ್ಲಸ್ ಎದುರಿಗೆ ಪ್ಲಸ್, ಮೈನಸ್ ಎದುರಿಗೆ ಮೈನಸ್ ಬಂತು, ತಳ್ಳಿಕೊಂಡು ಒಡೆದು ಹೋಯಿತು, ಒಡೆದ ಮುಖವೂ ಚಪ್ಪಟೆ ಇರ್ತದೆ ನೋಡಿ. ವಜ್ರದಲ್ಲಿ ಮೂರನೇ ಥರ, ಒಂದೊಂದು ಕಾರ್ಬನ್‌ಗೂ ನಾಲ್ಕು ಕೋವೆಲೆಂಟ್ ಬಾಂಡ್, ಅದೂ ನಿಶ್ಚಿತ ದಿಕ್ಕಿನಲ್ಲಿ, ಜಾರುವ ಪ್ರಶ್ನೆಯೇ ಇಲ್ಲ, ಹಾಗಾಗಿ ಅಷ್ಟು ಗಡಸು.

22 ಕ್ಯಾರಟ್ ಎಂದರೆ ನೂರಕ್ಕೆ 91.6 ಚಿನ್ನ, ಉಳಿದದ್ದು ತಾಮ್ರ ಬೆಳ್ಳಿ. ತಾಮ್ರದ ಪರಮಾಣು ಚಿನ್ನದ್ದಕ್ಕಿಂತ ಸಣ್ಣದು, ನಡುವೆ ಕೂತು ಪದರ ಸಲೀಸಾಗಿ ಜಾರದ ಹಾಗೆ ಮಾಡ್ತದೆ, ಆಭರಣ ಗಟ್ಟಿ ಆಗ್ತದೆ. ಬೇರೆ ಲೋಹ ಬೆರೆಸಿದರೂ ಬಾಂಡ್ ಒಪ್ಪಿಕೊಳ್ಳುವುದು ಯಾಕೆ ಎಂದರೆ ಎಲೆಕ್ಟ್ರಾನ್ ಹೇಗೂ ಎಲ್ಲರದ್ದು, ಇಷ್ಟಕ್ಕೆ ಇಷ್ಟೇ ಎಂಬ ಅನುಪಾತದ ಕಟ್ಟುಪಾಡು ಉಪ್ಪಿನಲ್ಲಿ ಇರುವ ಹಾಗೆ ಇಲ್ಲಿ ಇಲ್ಲ. ಬಡಿದು ಬಡಿದು ಪೆಡಸಾದರೆ ಅಪ್ಪ ಒಮ್ಮೆ ಕೆಂಪಗೆ ಕಾಯಿಸ್ತಾರೆ, ಒಳಗೆ ಅಸ್ತವ್ಯಸ್ತ ಆದ ಪರಮಾಣುಗಳು ಸರಿಯಾಗಿ ಜೋಡಿಸಿಕೊಳ್ತವೆ, ಮತ್ತೆ ಮೆತ್ತಗೆ.

ಹಾಸನದ_ಹುಡುಗಿ:

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ, ಚಿನ್ನ ಮತ್ತೆ ಉಪ್ಪಿನ ವ್ಯತ್ಯಾಸ ಓದಿ ಅಡುಗೆಮನೆಗೆ ಹೋಗಿ ಕಲ್ಲುಪ್ಪು ಒಡೆದು ನೋಡಿದೆ, ಒಡೆದ ಮುಖ ಚಪ್ಪಟೆನೇ ಇತ್ತು. ಅಂದ್ರೆ ನಂಗೆ ಅರ್ಥ ಆಗಿದ್ದು, ಬಾಂಡ್ ಎಲ್ಲ ಎಲೆಕ್ಟ್ರಾನ್ ಮತ್ತೆ ನ್ಯೂಕ್ಲಿಯಸ್ ನಡುವಿನ ಎಳೆತಾನೇ, ಎಲೆಕ್ಟ್ರಾನ್ ಮೇಲೆ ಯಾರ ಹಿಡಿತ ಎಷ್ಟು ಅನ್ನೋದ್ರ ಮೇಲೆ ಹೆಸರು ಬೇರೆ ಬೇರೆ ಆಗುತ್ತೆ, ಸರಿನಾ? ಹಾಗಾದ್ರೆ ಹೈಡ್ರೋಜನ್ ಬಾಂಡ್ ಅಂತ ಇದೆಯಲ್ಲ ಅದು ಈ ಲೆಕ್ಕದಲ್ಲಿ ಎಲ್ಲಿ ಬರುತ್ತೆ?

ಲೇಸರ್_ಲ್ಯಾಬ್:

ಸರಿ ಇದೆ. ಇದನ್ನೇ ಒಂದು ತ್ರಿಕೋನ ಬರೆದು ತೋರಿಸ್ತಾರೆ, ಒಂದು ಮೂಲೇಲಿ ಸೀಸಿಯಂ ಲೋಹ, ಎಲ್ಲರ ಹಿಡಿತವೂ ಸಡಿಲ. ಇನ್ನೊಂದರಲ್ಲಿ ಫ್ಲೋರಿನ್ ಅಣು, ಇಬ್ಬರ ಹಿಡಿತವೂ ಬಿಗಿ. ಮೂರನೇದ್ರಲ್ಲಿ ಸೀಸಿಯಂ ಫ್ಲೋರೈಡ್, ಒಬ್ಬನದು ಸಡಿಲ ಒಬ್ಬನದು ಬಿಗಿ. ಉಳಿದ ಸಂಯುಕ್ತಗಳೆಲ್ಲ ಈ ಮೂರರ ನಡುವೆ ಎಲ್ಲೋ ಒಂದು ಕಡೆ. ವಾನ್ ಆರ್ಕೆಲ್ ತ್ರಿಕೋನ ಅಂತ ಹುಡುಕಿ.

ಹೈಡ್ರೋಜನ್ ಬಾಂಡನ್ನ ಮಾತ್ರ ನಾನು ಇವುಗಳ ಸಾಲಲ್ಲಿ ಇಡಲ್ಲ. ನೀರಿನ ಒಳಗಿನ ಆಕ್ಸಿಜನ್ ಹೈಡ್ರೋಜನ್ ಬಾಂಡ್ 463 ಕಿಲೋಜೂಲ್, ಒಂದು ನೀರಿನ ಅಣುವಿಗೂ ಇನ್ನೊಂದಕ್ಕೂ ನಡುವಿನ ಹೈಡ್ರೋಜನ್ ಬಾಂಡ್ 20ರ ಆಸುಪಾಸು. ಅದು ಅಣುಗಳ ನಡುವಿನ ಆಕರ್ಷಣೆ ಅಷ್ಟೇ, ಹೆಸರಲ್ಲಿ ಬಾಂಡ್ ಇದೆ.

ಮೈಸೂರು_ಕೆಮಿಸ್ಟ್ರಿ_ಮೇಡಂ:

ಇಲ್ಲಿ ನಾನು ಒಪ್ಪಲ್ಲ ಸರ್. ಶಕ್ತಿ ಕಡಿಮೆ ಅಂತ ಪೂರ್ತಿ ಬೇರೆ ಇಡೋಕಾಗಲ್ಲ, ಬೈಫ್ಲೋರೈಡ್ ಅಯಾನಿನಲ್ಲಿ ಎರಡು ಫ್ಲೋರಿನ್ ನಡುವೆ ಹೈಡ್ರೋಜನ್ ಸರಿಯಾಗಿ ಮಧ್ಯದಲ್ಲಿ ಕೂತಿರುತ್ತೆ, ಅದ್ರ ಶಕ್ತಿ 150 ಕಿಲೋಜೂಲ್ ದಾಟುತ್ತೆ, ನಿಮ್ಮ ಉಡುಪಿಯವರು ಹೇಳಿದ ಸೋಡಿಯಂ ಜೋಡಿ ಅಣುವಿನ 72ಕ್ಕಿಂತ ಎರಡು ಪಟ್ಟು ಜಾಸ್ತಿ, ಅದನ್ನ ಬಾಂಡ್ ಅಂತ ಒಪ್ಪಿ ಇದನ್ನ ಬಿಡೋದು ಹೇಗೆ? ಹೈಡ್ರೋಜನ್ ಬಾಂಡ್ ಅಂದ್ರೆ ಏನು ಅಂತ ಹೊಸದಾಗಿ ವ್ಯಾಖ್ಯಾನ ಮಾಡೋಕೆ ಐಯುಪ್ಯಾಕ್ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ಒಂದು ಸಮಿತಿ ಮಾಡಿತ್ತು, ಅದರ ಮುಂದಾಳತ್ವ ವಹಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಇ. ಅರುಣನ್, 2011ರಲ್ಲಿ ಆ ವ್ಯಾಖ್ಯಾನ ಪ್ರಕಟ ಆಯ್ತು. ಅದ್ರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ, ಇದು ಬರೀ ಚಾರ್ಜುಗಳ ಎಳೆತ ಅಲ್ಲ, ಎಲೆಕ್ಟ್ರಾನ್ ಸ್ವಲ್ಪ ಆಚೆ ಕಡೆ ದಾಟೋದೂ ಇದೆ, ಭಾಗಶಃ ಕೋವೆಲೆಂಟ್ ಗುಣವೂ ಇದೆ, ದಿಕ್ಕೂ ಇದೆ ಅಂತ. ಹಾಗಾಗಿ ನಾನಂತೂ ಕ್ಲಾಸಲ್ಲಿ ದುರ್ಬಲ ಬಾಂಡ್ ಅಂತಾನೇ ಹೇಳ್ತೀನಿ.

ಅಮ್ಮ, ಸೋಡಿಯಂ ಲೆಕ್ಕ ಏನಾಯ್ತು?

ಹಾಸನದ_ಹುಡುಗಿ:

ಮಾಡಿದೆ ಮೇಡಂ. ಸೋಡಿಯಂ ಬಿಡಿ ಮಾಡೋಕೆ 107, ಎರಡು ಕ್ಲೋರಿನ್‌ಗೆ 244, ಮೊದಲನೇ ಎಲೆಕ್ಟ್ರಾನ್ 496, ಎರಡನೇದು 4562, ಒಟ್ಟು ಖರ್ಚು 5409. ಬರೋದು ಎರಡು 349 ಅಂದ್ರೆ 698, ಲ್ಯಾಟಿಸ್ 2500, ಒಟ್ಟು 3198. ಇನ್ನೂ 2211 ಕೈಯಿಂದ ಹಾಕ್ಬೇಕು, ಹಾಗಾಗಿ ಆಗಲ್ಲ. ಎರಡನೇ ಎಲೆಕ್ಟ್ರಾನ್ ಒಳಗಿನ ಕವಚದಿಂದ ಕೀಳ್ಬೇಕಲ್ಲ ಅದಕ್ಕೇ ಅಷ್ಟು ದುಬಾರಿ, ಎಂಟು ಅನ್ನೋದು ಇಲ್ಲಿಂದ ಬರುತ್ತೆ ಅಂತ ಈಗ ಗೊತ್ತಾಯ್ತು. ಮೆಗ್ನೀಸಿಯಂಗೂ ಹಾಕಿ ನೋಡಿದೆ, 738 ಮತ್ತೆ 1451, ಅದಕ್ಕೆ ಎರಡು ಕೊಟ್ರೂ ಲಾಭಾನೇ ಬರುತ್ತೆ.

ಆಕ್ಸಿಜನ್‌ಗೆ ಹಾಕೋಕೆ ಹೋದೆ, ಅಲ್ಲಿ ಸಿಕ್ಕಾಕ್ಕೊಂಡೆ. ಮೊದಲನೇ ಎಲೆಕ್ಟ್ರಾನ್ ತಗೊಂಡಾಗ 141 ಹೊರಗೆ ಬರುತ್ತೆ, ಎರಡನೇದು ತಗೊಳ್ಳೋಕೆ ವಾಪಸ್ ಶಕ್ತಿ ಕೊಡ್ಬೇಕು ಅಂತಿದೆ. ಎಂಟು ಪೂರ್ತಿ ಆಗೋಕೆ ಹೋಗ್ತಿದ್ರೂ ಖರ್ಚಾ?

ಮೈಸೂರು_ಕೆಮಿಸ್ಟ್ರಿ_ಮೇಡಂ:

ಖರ್ಚೇ. ಈಗಾಗ್ಲೇ ಒಂದು ಮೈನಸ್ ಇರೋ ಅಯಾನಿಗೆ ಇನ್ನೊಂದು ಎಲೆಕ್ಟ್ರಾನ್ ತಳ್ಳಬೇಕು, 700 ಕಿಲೋಜೂಲ್‌ಗಿಂತ ಜಾಸ್ತಿ ಬೇಕು. ಎರಡು ಮೈನಸ್ ಇರೋ ಆಕ್ಸೈಡ್ ಅಯಾನು, ಎಂಟು ತುಂಬಿದ್ರೂ, ಒಂಟಿಯಾಗಿ ಅನಿಲದಲ್ಲಿ ನಿಲ್ಲೋದೇ ಇಲ್ಲ, ಒಂದು ಎಲೆಕ್ಟ್ರಾನನ್ನ ಉಗುಳಿಬಿಡುತ್ತೆ. ಅದು ಇರೋದು ಹರಳಿನ ಒಳಗೆ ಸುತ್ತ ಪ್ಲಸ್ ಅಯಾನುಗಳು ಹಿಡ್ಕೊಂಡಿದ್ರೆ ಮಾತ್ರ. ಮೆಗ್ನೀಸಿಯಂ ಆಕ್ಸೈಡಲ್ಲಿ ಎರಡು ಪ್ಲಸ್ ಎರಡು ಮೈನಸ್, ಗುಣಿಸಿದ್ರೆ ನಾಲ್ಕು ಪಟ್ಟು, ಅಯಾನುಗಳೂ ಸಣ್ಣವು ದೂರ ಕಡಿಮೆ, ಲ್ಯಾಟಿಸ್ ಎನರ್ಜಿ 3800ರ ಹತ್ತಿರ ಹೋಗುತ್ತೆ, ಉಪ್ಪಿನದು 787 ಇತ್ತಲ್ಲ ಅದ್ರ ಪಕ್ಕ ಇಟ್ಟು ನೋಡು. ಎಲ್ಲ ಖರ್ಚೂ ಅದ್ರಲ್ಲೇ ತೀರುತ್ತೆ. ಕರಗೋಕೆ 2852 ಡಿಗ್ರಿ ಬೇಕು, ಉಕ್ಕಿನ ಕುಲುಮೆಗಳ ಒಳಗೋಡೆಗೆ ಇದ್ರ ಇಟ್ಟಿಗೆ ಕಟ್ಟೋದು ಅದಕ್ಕೇ. ಮೆಗ್ನೀಸಿಯಂ ಬಿಡಿ ಮಾಡೋಕೆ 148, ಆಕ್ಸಿಜನ್ ಅಣು ಒಡೆದು ಒಂದು ಪರಮಾಣುಗೆ 249, ಆಕ್ಸೈಡ್ ಉಂಟಾಗುವಾಗ ಹೊರಗೆ ಬರೋದು 602. ಇಷ್ಟು ಇಟ್ಕೊಂಡು ಆ ಎರಡನೇ ಎಲೆಕ್ಟ್ರಾನಿನ ಖರ್ಚು ಎಷ್ಟು ಅಂತ ನೀನೇ ತೆಗಿ, ಅದನ್ನ ಪುಸ್ತಕಗಳಲ್ಲೂ ಹೀಗೇ ತೆಗೆಯೋದು.